ಎಡೆಬಿಡದ ಅಭ್ಯಾಸ ಮತ್ತು ಅದರ ಬೆಲೆ

ಬ್ರಿಟನ್ನಿನಲ್ಲಿ ಮೈಕ್ರೋಲೈಟ್, ಎಂದರೆ ಒಬ್ಬರು ಅಥವಾ ಇಬ್ಬರು ಕೂರಬಹುದಾದ ಅತಿ ಹಗುರ ವಿಮಾನವನ್ನು ನಡೆಸುವ ಪೂರ್ಣ ಪರವಾನಗಿಗೆ 10 ಗಂಟೆಗಳ ಏಕಾಂಗಿ ಹಾರಾಟವೂ ಸೇರಿದಂತೆ ಕನಿಷ್ಠ 25 ಗಂಟೆಗಳ ತರಬೇತಿ ಕಡ್ಡಾಯವಾಗಿದ್ದರೂ, ಗಾಳಿ ಮಳೆಗಳಿಂದ ಪಾಠಗಳು ಮುಂದೂಡಲ್ಪಟ್ಟಂತೆಲ್ಲ ಮರೆತ ಕೌಶಲವನ್ನು ಮತ್ತೆ ಹಣ ತೆತ್ತು ಕಲಿಯಬೇಕಾಗುವುದರಿಂದ ಅಷ್ಟು ಅವಧಿ ಹಲವರಿಗೆ ಸಾಲದು. ಅಭ್ಯಾಸವು, ಎಂದರೆ ಚಿತ್ತವನ್ನು ಒಂದು ನೆಲೆಯಲ್ಲಿ ನಿಲ್ಲಿಸುವ ಪ್ರಯತ್ನವು, ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆದಾಗ ದೃಢವಾಗುತ್ತದೆ ಎಂಬುದು ಪತಂಜಲಿಯ ಯೋಗಸೂತ್ರಗಳ ನಿಲುವು. ಆದರೆ ಎಡೆಬಿಡದಿರುವುದಕ್ಕೇ ಬೆಲೆ ತೆರಬೇಕಾದಲ್ಲಿ, ಹಣ ಮುಗಿದು ನಡುವೆ ನಿಂತವನನ್ನು ಸಂಕಲ್ಪಹೀನನೆನ್ನುವುದು ನ್ಯಾಯವೇ? ಖಂಡಿತ ಅಲ್ಲ, ಇಲ್ಲಿ ಉತ್ಸಾಹದ ಕುಸಿತವೆಂದು ಕಾಣುವುದು ಅನೇಕ ವೇಳೆ ಆಯವ್ಯಯದ ಕುಸಿತವೇ ಆಗಿರುತ್ತದೆ, ಹೀಗಾಗಿ ಮುಂಚಿತವಾಗಿ ಹಣ ಕೂಡಿಡುವ ಸಂಯಮವನ್ನೂ ಸಾಧನೆಯ ಅಂಗವೆಂದೇ ಎಣಿಸಬೇಕು. ಅಭ್ಯಾಸದೊಡನೆ ಪತಂಜಲಿ ಹೇಳುವ ವೈರಾಗ್ಯ, ಎಂದರೆ ಬಯಕೆಯ ಹಿಡಿತದಿಂದ ಬಿಡುಗಡೆ, ಇಲ್ಲಿ ಇನ್ನೂ ಮುಖ್ಯ: ಈಗಾಗಲೇ ಖರ್ಚಾದ ಹಣವನ್ನು ನೆನೆದು, ಗಾಳಿ ಬಿರುಸಾದ ದಿನವೂ ಹಾರಲೇಬೇಕೆಂದು ಹಟ ಹಿಡಿಯುವ ಕಲಿಕಾರ್ಥಿ ತನ್ನ ಜೀವವನ್ನೇ ಒತ್ತೆಯಿಡುತ್ತಾನೆ. ಕಲಿಯಬಯಸುವವರು ಮೊದಲ ಪಾಠಕ್ಕೆ ಮುನ್ನವೇ 25ಕ್ಕಿಂತ ಹೆಚ್ಚು ಗಂಟೆಗಳ ವೆಚ್ಚವನ್ನು ಲೆಕ್ಕಹಾಕಿಕೊಳ್ಳಲಿ.