ಅರಿವಿಲ್ಲದವನ ಅಪರಾಧ

ಚಿಕ್ಕೋಡಿಯಲ್ಲಾಗಲಿ ಅಥಣಿಯಲ್ಲಾಗಲಿ ಒಂದು ಕೊಲೆ ನಡೆದು, ಕೊಂದವನಿಗೆ ಬುದ್ಧಿ ಸ್ಥಿಮಿತವಿಲ್ಲ ಎಂದು ವಕೀಲರು ವಾದಿಸಿದರೆ ಜನ ಏನೆನ್ನುತ್ತಾರೆ? "ಶಿಕ್ಷೆ ತಪ್ಪಿಸಿಕೊಳ್ಳಲು ಹುಚ್ಚನ ವೇಷ" ಎನ್ನುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಹಾಗೆಂದರೆ ಆಕೆಯನ್ನು ನಾವು ದೂರಲಾಗದು. ಆದರೂ ತುಸು ಯೋಚಿಸೋಣ.

ಮಾರಕ ಪಾಪಕ್ಕೆ ಗಂಭೀರ ವಿಷಯವೊಂದೇ ಸಾಲದು, ಪೂರ್ಣ ಅರಿವೂ ಪೂರ್ಣ ಸಮ್ಮತಿಯೂ ಬೇಕೆಂದು ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ನಮ್ಮ ದೇಶದ ಕಾನೂನು ಕೇಳುವುದೂ ಇದಕ್ಕೆ ಹತ್ತಿರದ ಪ್ರಶ್ನೆಯನ್ನೇ. 1860ರ ದಂಡ ಸಂಹಿತೆಯ 84ನೆಯ ಕಲಂನಲ್ಲಿದ್ದ ನಿಯಮ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 22ನೆಯ ಕಲಂನಲ್ಲಿದೆ. ಬುದ್ಧಿ ಸ್ಥಿಮಿತವಿಲ್ಲದೆ, ತಾನು ಏನು ಮಾಡುತ್ತಿದ್ದೇನೆಂದಾಗಲಿ, ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂದಾಗಲಿ ಆ ಹೊತ್ತಿನಲ್ಲಿ ತಿಳಿಯಲಾರದವನು ಅಪರಾಧಿಯಲ್ಲ. ಕಾಯಿಲೆ ಇದ್ದ ಮಾತ್ರಕ್ಕೆ ಬಿಡುಗಡೆಯಿಲ್ಲ. ಅದು ಆ ಗಳಿಗೆಯಲ್ಲಿ ಅರಿವನ್ನೇ ನುಂಗಿರಬೇಕು. ಹೀಗೆ ಖುಲಾಸೆಯಾದವನನ್ನೂ ಸುಮ್ಮನೆ ಮನೆಗೆ ಕಳಿಸುವುದಿಲ್ಲ. ಸುರಕ್ಷಿತ ವಶದಲ್ಲಿ ಇಡುತ್ತಾರೆ, ಇಲ್ಲವೆ ಜಾಮೀನು ಪಡೆದು ಬಂಧುಗಳಿಗೆ ಒಪ್ಪಿಸುತ್ತಾರೆ.

ಹೆಂಡತಿಯನ್ನು ಕೊಂದ ಗುಜರಾತಿನ ದಹ್ಯಾಭಾಯಿ ಠಕ್ಕರನ ಮೊಕದ್ದಮೆಯಲ್ಲಿ, 1964ರಲ್ಲಿ, ಸುಪ್ರೀಂ ಕೋರ್ಟು ಒಂದು ದಾರಿ ತೋರಿತು. ಆ ಗಳಿಗೆಯ ಮನಸ್ಸನ್ನು ಅದರ ಹಿಂದಿನ, ಆಗಿನ ಮತ್ತು ನಂತರದ ನಡತೆಯಿಂದ ಅಳೆಯಬೇಕು ಎಂದಿತು. ಅವನ ವಾದಕ್ಕೆ ಆಧಾರ ಸಿಗದೆ ಶಿಕ್ಷೆ ಉಳಿಯಿತು.

ಶಿಕ್ಷೆಯಾದವನಿಗೂ ಮನಸ್ಸುಂಟು. ನಮ್ಮದೇ ಜಿಲ್ಲೆಯ ಹಿಂಡಲಗಾ ಜೈಲಿನಲ್ಲಿ ಮರಣದಂಡನೆಯ ಕೈದಿ ಬಿ. ಎ. ಉಮೇಶನನ್ನು ಹತ್ತು ವರ್ಷ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಇದು ಅವನ ಮೇಲೆ ಕೆಟ್ಟ ಪರಿಣಾಮ ಬೀರಿದೆ ಎಂದು ಕಂಡ ಸುಪ್ರೀಂ ಕೋರ್ಟು 2022ರ ನವೆಂಬರ್ 4ರಂದು ಗಲ್ಲನ್ನು ಕನಿಷ್ಠ 30 ವರ್ಷದ ಸೆರೆಯಾಗಿ ಬದಲಿಸಿತು. ಅವನ ಘೋರ ಅಪರಾಧವನ್ನು ಮನ್ನಿಸಲಿಲ್ಲ.

ಇನ್ನು ನಮ್ಮ ಮನೆಯ ಮಾತು. ಬುದ್ಧಿ ಸ್ಥಿಮಿತವಿರಲಿಲ್ಲ ಎಂದು ತೋರಿಸುವ ಹೊಣೆ ಆರೋಪಿಯದು. ಅದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಅಣ್ಣನ ಕಾಯಿಲೆ ಮುಚ್ಚಿಡುತ್ತೇವೆ. ಯಾರೋ ಮಾಟ ಮಾಡಿಸಿದರೆಂದು ಊರೂರು ಅಲೆಯುತ್ತೇವೆ. ಡಾಕ್ಟರ ಒಂದು ಚೀಟಿಯೂ ಇರುವುದಿಲ್ಲ. ಅನಾಹುತವಾದ ಮೇಲೆ ನಮ್ಮ ಮಾತನ್ನು ಯಾರು ನಂಬಿಯಾರು?

ಕಾಯಿಲೆಯಾದವರಲ್ಲಿ ಹೆಚ್ಚಿನವರು ಯಾರಿಗೂ ಕೇಡು ಮಾಡುವವರಲ್ಲ. ಧಾರವಾಡದಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಂಸ್ಥೆಯಿದೆ. 14416ಕ್ಕೆ ಫೋನು ಮಾಡಿದರೆ ಸಲಹೆ ಸಿಗುತ್ತದೆ. ಕೊಂದವನ ಮನಸ್ಸನ್ನು ನ್ಯಾಯಾಧೀಶರು ಅಳೆಯಲಿ. ಅದಕ್ಕೆ ಮೊದಲೇ ಅವನ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಬೇಕಾದವರು ನಾವಲ್ಲವೇ?