ನಾಟಕವಿಲ್ಲದ ನಂಬಿಕೆ

ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ ಮೊದಲ ಅಧ್ಯಾಯದ ಐದನೇ ವಚನ ಚಿಕ್ಕದು. ಉಪದೇಶಕ್ಕೆಲ್ಲ ಗುರಿ ಪ್ರೀತಿ. ಆ ಪ್ರೀತಿ ಶುದ್ಧವಾದ ಹೃದಯ, ಒಳ್ಳೆಯ ಮನಸ್ಸಾಕ್ಷಿ, ಕಪಟವಿಲ್ಲದ ನಂಬಿಕೆ ಈ ಮೂರರಿಂದ ಹುಟ್ಟಬೇಕು ಎಂಬುದು ಅದರ ತಾತ್ಪರ್ಯ. ಈ ಮಾತಿಗೆ ಒಂದು ಸಂದರ್ಭವಿದೆ. ಎಫೆಸದ ಸಭೆಯಲ್ಲಿ ಕೆಲವರು ಕಟ್ಟುಕಥೆಗಳಲ್ಲಿ, ಕೊನೆಯಿಲ್ಲದ ವಂಶಾವಳಿಗಳ ಚರ್ಚೆಯಲ್ಲಿ ಮುಳುಗಿದ್ದರು. ಅವರನ್ನು ತಡೆಯಲೆಂದೇ ತಿಮೊಥೆಯ ಅಲ್ಲಿ ಉಳಿದಿದ್ದ. ಪತ್ರ ಆ ವಂಶಾವಳಿಗಳ ಸರಿತಪ್ಪನ್ನು ಬಿಡಿಸುತ್ತ ಕೂರುವುದಿಲ್ಲ. ಅವು ಬರೀ ವಾಗ್ವಾದಕ್ಕೆ ದಾರಿಯಾದವು ಎನ್ನುತ್ತದೆ. ಹಾಗೆ ನೋಡಿದರೆ ಹೃದಯಶುದ್ಧಿ ಎನ್ನುವುದು ಭಕ್ತನೊಬ್ಬ ತನ್ನೊಳಗೆ ಗುಟ್ಟಾಗಿ ಕಾಪಾಡಿಕೊಳ್ಳುವ ಆಸ್ತಿಯಾಗಿ ಉಳಿಯುವುದಿಲ್ಲ. ಅದು ಇದೆಯೋ ಇಲ್ಲವೋ ಎಂದು ತಿಳಿಯುವುದು ಪಕ್ಕದ ಮನುಷ್ಯನ ಜೊತೆಗಿನ ನಡವಳಿಕೆಯಲ್ಲೇ.

ಕಪಟ ಎಂದರೇನು ಎಂಬುದಕ್ಕೆ ಅಪೊಸ್ತಲರ ಕೃತ್ಯಗಳ ಐದನೇ ಅಧ್ಯಾಯಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಬಾರ್ನಬ ಹೊಲ ಮಾರಿ ಹಣವನ್ನು ಅಪೊಸ್ತಲರ ಪಾದದ ಬಳಿ ಇಟ್ಟ. ಅದರ ಬೆನ್ನಿಗೇ ಅನನೀಯ ಮತ್ತು ಅವನ ಹೆಂಡತಿ ಸಫೈರ ತಮ್ಮ ಭೂಮಿ ಮಾರಿ, ಒಂದಷ್ಟು ಹಣ ಬಚ್ಚಿಟ್ಟು, ಉಳಿದದ್ದನ್ನೇ ಪೂರ್ತಿ ಎಂಬಂತೆ ತಂದಿಟ್ಟರು. ಪೇತ್ರನ ತೀರ್ಪು ಇಲ್ಲಿ ಸೂಕ್ಷ್ಮವಾಗಿದೆ: ಮಾರುವ ಮೊದಲು ಭೂಮಿ ನಿನ್ನದೇ, ಮಾರಿದ ಮೇಲೆ ಹಣವೂ ನಿನ್ನ ಕೈಯಲ್ಲೇ ಇತ್ತಲ್ಲ ಎನ್ನುತ್ತಾನೆ. ಅರ್ಧ ಕೊಟ್ಟಿದ್ದರೆ ಯಾರ ಆಕ್ಷೇಪವೂ ಇರಲಿಲ್ಲ. ಅರ್ಧ ಕೊಟ್ಟು ಪೂರ್ತಿ ಕೊಟ್ಟವನ ಹೆಸರು ಗಳಿಸಲು ಹೊರಟದ್ದು ತಪ್ಪಾಯಿತು. ಕೊರತೆಯನ್ನು ದೇವರು ಸಹಿಸುತ್ತಾನೆ, ಸೋಗನ್ನು ಸಹಿಸುವುದಿಲ್ಲ. ದಾನಿಗಳ ಹೆಸರು ಕೆತ್ತಿಸಿದ ಕಲ್ಲುಗಳು ಗೋಡೆಗೋಡೆಯಲ್ಲಿರುವ ನಮ್ಮ ದೇವಾಲಯಗಳಿಗೆ ಈ ಕಥೆ ಹಳೆಯದೇನೂ ಆಗಿಲ್ಲ.

ಒಳಗು ಸರಿಯಿದ್ದರೆ ಸಾಕು ಎನ್ನುವುದಾದರೆ ಪ್ರಾರ್ಥನೆ, ಉಪವಾಸ, ಪ್ರಭುಭೋಜನ ಇವೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಯೇಸು ಹಾಗೆ ಹೇಳಲಿಲ್ಲ. ತಾನು ಗುಣಪಡಿಸಿದ ಕುಷ್ಠರೋಗಿಗೆ, ಹೋಗಿ ಯಾಜಕನಿಗೆ ತೋರಿಸಿಕೊಂಡು ವಿಧಿ ಪೂರೈಸು ಎಂದ. ಪುದೀನ, ಜೀರಿಗೆಗೂ ದಶಮಾಂಶ ಲೆಕ್ಕ ಹಾಕುತ್ತಿದ್ದ ಫರಿಸಾಯರಿಗೆ ಅದನ್ನು ಬಿಡಿ ಎನ್ನಲಿಲ್ಲ. ನ್ಯಾಯ, ಕರುಣೆ, ನಂಬಿಕೆಗಳನ್ನು ಬಿಟ್ಟದ್ದಕ್ಕೆ ಗದರಿದ. ಅವನ ಸಿಟ್ಟು ವಿಧಿಯ ಮರೆಯಲ್ಲಿ ಅಡಗಿಕೊಳ್ಳುವವರ ಮೇಲೆ. ಮಾರ್ಕನ ಏಳನೇ ಅಧ್ಯಾಯದ ಕೊರ್ಬಾನ್ ಪದ್ಧತಿಯನ್ನೇ ನೋಡಿ. ತಂದೆತಾಯಿಯ ಪಾಲನೆಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪು ಎಂದುಬಿಟ್ಟರೆ ಮಗ ಹೊಣೆಯಿಂದ ಪಾರಾಗುತ್ತಿದ್ದ. ಭಕ್ತಿಯ ಭಾಷೆಯಲ್ಲೇ ಹೆತ್ತವರಿಗೆ ಕೈಕೊಡುವ ಉಪಾಯವದು. ಹೊರಗೆ ಥಳುಕು, ಒಳಗೆ ಹುಳುಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಿಗಿಯಾದದ್ದು. ಕಪಟವಿಲ್ಲದಿರುವುದೇ ಮುಖ್ಯವಾದರೆ, ಪ್ರಾಮಾಣಿಕವಾಗಿ ತಪ್ಪು ಮಾಡುವವನನ್ನು ಏನೆನ್ನಬೇಕು? ಈ ಪತ್ರ ಬರೆದ ಪೌಲ ಹಿಂದೆ ಸೌಲನಾಗಿದ್ದಾಗ ಅವನಲ್ಲಿ ನಟನೆ ಇರಲಿಲ್ಲ. ಸ್ತೆಫನನಿಗೆ ಕಲ್ಲೆಸೆದವರು ತಮ್ಮ ಮೇಲುಡುಪುಗಳನ್ನು ಇಟ್ಟದ್ದು ಅವನ ಕಾಲ ಬಳಿ. ಮನೆಮನೆಗೆ ನುಗ್ಗಿ ವಿಶ್ವಾಸಿಗಳನ್ನು ಎಳೆದೊಯ್ದಾಗಲೂ ತಾನು ದೇವರ ಕೆಲಸ ಮಾಡುತ್ತಿದ್ದೇನೆಂದೇ ನಂಬಿದ್ದ. ಉತ್ತರ ಇದೇ ಪತ್ರದ ಇದೇ ಅಧ್ಯಾಯದಲ್ಲಿದೆ. ದೇವದೂಷಕ, ಹಿಂಸಕನಾಗಿದ್ದೆ ಎಂದು ಅವನು ಒಪ್ಪಿಕೊಳ್ಳುತ್ತಾನೆ. ತಿಳಿಯದೆ ಮಾಡಿದೆ ಎನ್ನುತ್ತಾನೆ, ಆದರೆ ಆ ಅಜ್ಞಾನವನ್ನು ಪುಣ್ಯವೆಂದು ಸಾಧಿಸುವುದಿಲ್ಲ, ತನಗೆ ಸಿಕ್ಕಿದ್ದು ಕರುಣೆ ಎನ್ನುತ್ತಾನೆ. ಐದನೇ ವಚನ ಗುರಿಯನ್ನು ಮೊದಲು ಹೇಳಿ, ಮೂಲಗಳನ್ನು ಆಮೇಲೆ ಎಣಿಸುವುದರ ಔಚಿತ್ಯ ಇಲ್ಲಿ ತಿಳಿಯುತ್ತದೆ. ಎದುರಿನವನನ್ನು ನಾಶಮಾಡುವ ಶ್ರದ್ಧೆ ಎಷ್ಟೇ ನಿಜವಾದದ್ದಾದರೂ ಗುರಿ ತಪ್ಪಿದ್ದು. ಪ್ರಾಮಾಣಿಕತೆ ಬೇಕೇ ಬೇಕು, ಆದರೆ ಅದೊಂದೇ ಸಾಲದು.

ಹಾಗಾದರೆ ಇಷ್ಟು ಶುದ್ಧನಾದವನು ಯಾರಿದ್ದಾನೆ ಎಂದು ಕೈಚೆಲ್ಲುವುದೂ ಸರಿಯಲ್ಲ. ಮಾರ್ಕನ ಒಂಬತ್ತನೇ ಅಧ್ಯಾಯದಲ್ಲಿ ರೋಗಿ ಮಗನ ತಂದೆ, ನಂಬುತ್ತೇನೆ ಎಂದ ಬಾಯಲ್ಲೇ ತನ್ನ ಅಪನಂಬಿಕೆಗೂ ನೆರವು ಬೇಡುತ್ತಾನೆ. ಮಗನಿಗೆ ಗುಣವಾಗುತ್ತದೆ, ಸಂಶಯವೆಲ್ಲ ನೀಗಿಸಿಕೊಂಡು ಬಾ ಎಂದು ಯೇಸು ಅವನನ್ನು ವಾಪಸು ಕಳಿಸುವುದಿಲ್ಲ. ಸಂಶಯವನ್ನು ಮುಚ್ಚಿಡದ ಆ ತಂದೆಯ ನಂಬಿಕೆಯೇ ಕಪಟವಿಲ್ಲದ್ದು. ಸುಂಕ ವಸೂಲಿಯ ಜಕ್ಕಾಯನೂ ಶುದ್ಧನಾಗಿ ಬಂದವನಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಅವನು ಲೆಕ್ಕ ಒಪ್ಪಿಸಿದಾಗ, ಆ ಮನೆಗೆ ರಕ್ಷಣೆ ಬಂತು ಎಂದು ಯೇಸು ಸಾರಿದ. ಶುದ್ಧಿ ಎಲ್ಲಿಂದ ಶುರುವಾಗಬೇಕೆಂದು ಪರ್ವತಪ್ರಸಂಗ ಹೇಳಿದೆ: ಸಹೋದರನಿಗೆ ನಿನ್ನ ಮೇಲೆ ಏನಾದರೂ ದೂರಿದ್ದರೆ ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಮೊದಲು ಅವನ ಬಳಿ ಹೋಗಬೇಕು. ಪಾಲಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಮಂಡಿಯೂರಿ ಪ್ರಭುಭೋಜನ ತೆಗೆದುಕೊಳ್ಳುವ ಸಭೆ ಈ ಮಾತನ್ನು ಓದಿಯೂ ಕೇಳಿಸಿಕೊಂಡಿಲ್ಲ. ಹೃದಯ ಶುದ್ಧವಾಗಿದೆಯೇ ಎಂದು ನಿಜವಾಗಿ ತಿಳಿಯಬೇಕೆನ್ನುವವರು ಬರುವ ಭಾನುವಾರದ ಆರಾಧನೆಗೆ ಮೊದಲು ಆ ಒಂದು ಮನೆಯ ಬಾಗಿಲು ತಟ್ಟಲಿ.