ಔಷಧದಾನವೂ ಅಭಯದಾನವೂ

ಚತುರ್ವಿಧ ದಾನಗಳಲ್ಲಿ ಔಷಧದಾನ, ಅಭಯದಾನಗಳೆರಡೂ ಸೇರಿವೆ. ಒಂದನ್ನು ಮಾಡಹೊರಟಾಗ ಮತ್ತೊಂದಕ್ಕೆ ಭಂಗ ಬರುವುದಾದರೆ ಶ್ರಾವಕನು ಏನು ಮಾಡಬೇಕು? 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಬಳಿಕ ಉಡುಪಿ, ಕಾಪು, ಕಾರ್ಕಳಗಳ ಕುಟುಂಬಗಳಿಗೆ ಹೊಸ ಚಿಕಿತ್ಸೆಗಳು ಹತ್ತಿರವಾದವು. ಆ ಚಿಕಿತ್ಸೆಗಳು ಎಲ್ಲಿಂದ, ಹೇಗೆ ಬಂದವೆಂಬುದನ್ನು ಔಷಧದ ಸೀಸೆಯ ಮೇಲೆ ಬರೆದಿರುವುದಿಲ್ಲ.

ಮಧುಮೇಹಿಗಳ ಪ್ರಾಣ ಉಳಿಸುವ ಇನ್ಸುಲಿನ್ನನ್ನೇ ನೋಡಬಹುದು. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ನಾಯಿಗಳ ಮೇದೋಜೀರಕ ಗ್ರಂಥಿಯನ್ನು ಕೊಯ್ದು ತೆಗೆದು, ಅವುಗಳಲ್ಲಿ ಮಧುಮೇಹವನ್ನುಂಟುಮಾಡಿ, ಗ್ರಂಥಿಯ ಸಾರವನ್ನು ಚುಚ್ಚಿ ಪರೀಕ್ಷಿಸಿದರು. 1922ರ ಜನವರಿಯಲ್ಲಿ, ಸಾವಿನಂಚಿನಲ್ಲಿದ್ದ 14 ವರ್ಷದ ಬಾಲಕನೊಬ್ಬನು ಎತ್ತಿನ ಗ್ರಂಥಿಯಿಂದ ತೆಗೆದು ಶುದ್ಧೀಕರಿಸಿದ ಸಾರದಿಂದ ಚೇತರಿಸಿಕೊಂಡನು. ಅದುವರೆಗೆ ಇಂತಹ ಮಕ್ಕಳಿಗೆ ಅರೆಹೊಟ್ಟೆಯ ಪಥ್ಯವೊಂದೇ ಗತಿಯಾಗಿತ್ತು; ಅದು ಮರಣವನ್ನು ಮುಂದೂಡುತ್ತಿತ್ತು, ಅಷ್ಟೆ. ಆಮೇಲೆ ಸುಮಾರು ಆರು ದಶಕಗಳ ಕಾಲ ಕಸಾಯಿಖಾನೆಯ ದನ, ಹಂದಿಗಳ ಗ್ರಂಥಿಗಳೇ ಇನ್ಸುಲಿನ್ನಿನ ಮೂಲವಾಗಿದ್ದವು. ರಾತ್ರಿಭೋಜನವನ್ನೂ ಕಂದಮೂಲವನ್ನೂ ತ್ಯಜಿಸಿದ ವ್ರತಿಗೂ ಬೇರೆ ಇನ್ಸುಲಿನ್ ಇರಲಿಲ್ಲ. 1982ರಲ್ಲಿ ಬ್ಯಾಕ್ಟೀರಿಯಾಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ ಆ ಅವಲಂಬನೆ ತಗ್ಗತೊಡಗಿತು. ಸೂಕ್ಷ್ಮಜೀವಿಗಳ ಹಿಂಸೆ ಉಳಿಯಿತಲ್ಲವೇ ಎನ್ನಬಹುದು. ಆದರೆ ಏಕೇಂದ್ರಿಯ, ಪಂಚೇಂದ್ರಿಯಗಳ ತಾರತಮ್ಯ ಗೃಹಸ್ಥಧರ್ಮಕ್ಕೆ ಹೊಸತಲ್ಲ.

ಪ್ರಯೋಗಾಲಯದ ಹಿಂಸೆಯನ್ನು ಆರಂಭಿ ಹಿಂಸೆಯೆಂದು ಕರೆದು ಸಮಾಧಾನಪಡುವುದು ಸುಲಭ. ಅಡುಗೆಯ ಒಲೆಯಲ್ಲಿ ಸಾಯುವ ಜೀವಿಯನ್ನು ಕೊಲ್ಲುವ ಉದ್ದೇಶ ಯಾರಿಗೂ ಇರುವುದಿಲ್ಲ. ಪ್ರಯೋಗದ ಇಲಿಯನ್ನಾದರೋ ಆರಿಸಿ, ಸಾಕಿ, ರೋಗ ಬರಿಸಿ ಕೊಲ್ಲಲಾಗುತ್ತದೆ. ಇದನ್ನು ಸಂಕಲ್ಪಿ ಹಿಂಸೆಯೆನ್ನದೆ ವಿಧಿಯಿಲ್ಲ. ಹಾಗೆಂದು ಮಧುಮೇಹಿ ಬಾಲಕನಿಗೆ ಔಷಧವನ್ನು ನಿರಾಕರಿಸುವುದು ಕರುಣೆಯಾಗದು. ಅವನ ಹೆತ್ತವರೆದುರು ಆ ಮಾತನ್ನಾಡುವ ಧೈರ್ಯ ಯಾವ ಪಂಡಿತನಿಗೂ ಬರಲಾರದು.

ನಡೆದುಹೋದ ಹಿಂಸೆಯನ್ನು ಹಿಂತೆಗೆಯಲಾಗದಿದ್ದರೂ ಮುಂದಿನದನ್ನು ಪ್ರಶ್ನಿಸಬಹುದು. ಪ್ರಾಣಿಪ್ರಯೋಗಗಳನ್ನು ನಿಯಂತ್ರಿಸುವ ನಿಯಮಗಳು ಭಾರತದಲ್ಲಿ 1998ರಲ್ಲಿ ಬಂದವು. ಹೊಸ ಔಷಧಗಳ ಪರೀಕ್ಷೆಯಲ್ಲಿ ಪ್ರಾಣಿಗಳಿಗೆ ಬದಲಾಗಿ ಅನ್ಯವಿಧಾನಗಳನ್ನು ಬಳಸಲು ಕೇಂದ್ರ ಸರಕಾರವು 2023ರಲ್ಲಿ ಅವಕಾಶ ಕಲ್ಪಿಸಿತು.

ಬಸದಿಗಳ ಟ್ರಸ್ಟುಗಳು ಬಡರೋಗಿಗಳ ಡಯಾಲಿಸಿಸ್‌ಗೆ ನೆರವಾಗುವುದು ಪುಣ್ಯಕಾರ್ಯವೇ. ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ಸಾಮಾನ್ಯವಾಗಿ ಬಳಸುವ ಹೆಪಾರಿನ್ ಇಂದಿಗೂ ಬಹುಪಾಲು ಹಂದಿಯ ಕರುಳಿನಿಂದ ಬರುತ್ತದೆ. ರೋಗಿಯ ನೆರವನ್ನು ನಿಲ್ಲಿಸುವಂತಿಲ್ಲ. ಆದರೆ ಪ್ರಾಣಿಮೂಲವಲ್ಲದ ಹೆಪಾರಿನ್ ತಯಾರಿಸಲು ಶ್ರಮಿಸುತ್ತಿರುವ ವಿಜ್ಞಾನಿಗಳಿಗೆ ಅದೇ ದಾನನಿಧಿಯ ಒಂದು ಪಾಲನ್ನು ಮೀಸಲಿಡಲು ಅಡ್ಡಿಯೇನು?